ಹಾಡು ಕಟ್ಟಿದವನಿಗೆ ಹಾಡಿನ ಫಲ
(ಯುವಕ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಬೆಳೆದವನಿಗೆ ಸಿಕ್ಕಿದ್ದೆಷ್ಟು, ನಡುವಿನವರಿಗೆ ಹೋದದ್ದೆಷ್ಟು ಎಂಬ ಲೆಕ್ಕ ನಿಮಗೆ ಹೊಸದಲ್ಲ. ಹಾಡು ಕಟ್ಟುವವರಿಗೂ ಇದೇ ಲೆಕ್ಕ ಉಂಟು. ಅಮೆರಿಕ ದೇಶದ ಜಾನ್ ಪ್ರೈನ್ ಎಂಬ ಹಾಡುಗಾರ ಅದನ್ನು ಹೇಗೆ ಬಗೆಹರಿಸಿಕೊಂಡನೆಂದು ಹೇಳಲು ನಿಂತಿದ್ದೇನೆ.

ಈತ ಹುಟ್ಟಿದ್ದು 1946ರಲ್ಲಿ, ಷಿಕಾಗೋ ನಗರದ ಮಗ್ಗುಲಲ್ಲಿರುವ ಮೇವುಡ್‌ನಲ್ಲಿ. ಹಿರಿಯರು ಕೆಂಟಕಿ ಸೀಮೆಯ ಹಳ್ಳಿಯವರು. ಗಿಟಾರು ಕಲಿಸಿದವನು ಅಣ್ಣ. ಸೈನ್ಯದಲ್ಲಿ ಮೋಟಾರು ರಿಪೇರಿ ಮಾಡಿ ಬಂದ ಪ್ರೈನ್, ಊರಿನಲ್ಲಿ ಟಪಾಲು ಹಂಚುತ್ತಿದ್ದ. ಮನೆಯಿಂದ ಮನೆಗೆ ನಡೆಯುತ್ತಲೇ ಹಾಡು ಹೊಸೆಯುತ್ತಿದ್ದ. ಚಿಕ್ಕಂದಿನಲ್ಲಿ ವೃದ್ಧಾಶ್ರಮವೊಂದಕ್ಕೆ ಪತ್ರಿಕೆ ಹಾಕುತ್ತಿದ್ದಾಗ ಕಂಡ ಒಂಟಿ ಮುದುಕರ ನೆನಪು ಒಂದು ಹಾಡಾಯಿತು. ಜನಪದ ಧಾಟಿ, ಸಾದಾ ಮಾತು, ನಡುನಡುವೆ ನಗೆ. ವಿದ್ವತ್ತಿನ ಬೆಡಗು ಅದರಲ್ಲಿಲ್ಲ.

ರೈತರಾದ ನೀವು ಕೇಳಲೇಬೇಕಾದ ಹಾಡು ಇನ್ನೊಂದಿದೆ. ಕೆಂಟಕಿಯಲ್ಲಿ ಗ್ರೀನ್ ನದಿಯ ದಡದಲ್ಲಿ ಪ್ಯಾರಡೈಸ್ ಎಂಬ ಹಳ್ಳಿಯಿತ್ತು. ಪ್ಯಾರಡೈಸ್ ಎಂದರೆ ಸ್ವರ್ಗ. ಆ ಸೀಮೆಯಲ್ಲಿ ಕಲ್ಲಿದ್ದಲಿಗಾಗಿ ಮೇಲಿನ ಮಣ್ಣನ್ನೆಲ್ಲ ಯಂತ್ರಗಳಿಂದ ಬಗೆದು ಹಾಕಿದರು. ಹಳ್ಳಿಯ ಪಕ್ಕದಲ್ಲೇ ದೊಡ್ಡ ವಿದ್ಯುತ್ ಸ್ಥಾವರ ಎದ್ದಿತು. ಅದರ ಬೂದಿ ಮನೆಗಳ ಮೇಲೆ ಬೀಳತೊಡಗಿತು. ಕಡೆಗೆ ವಿದ್ಯುತ್ ಸಂಸ್ಥೆಯೇ ಮನೆಗಳನ್ನು ಕೊಂಡು, 1967ರಲ್ಲಿ ಊರನ್ನು ಕೆಡವಿಸಿತು. ಬೇಸಿಗೆಯಲ್ಲಿ ತಂದೆತಾಯಿಯೊಡನೆ ಆ ಸೀಮೆಗೆ ಹೋಗಿಬರುತ್ತಿದ್ದ ಪ್ರೈನ್, ತಂದೆಗೋಸ್ಕರ ಅದರ ಮೇಲೆ ಹಾಡು ಕಟ್ಟಿದ. ಊರು ಹೋಯಿತು, ಹಾಡು ಉಳಿಯಿತು. 1971ರ ಅವನ ಮೊದಲ ರೆಕಾರ್ಡಿನಲ್ಲಿ ಅದಿದೆ.

ಆ ರೆಕಾರ್ಡನ್ನು ತೆಗೆದದ್ದು ಅಟ್ಲಾಂಟಿಕ್ ಎಂಬ ದೊಡ್ಡ ಕಂಪನಿ. ಇಂಥ ಕಂಪನಿಗಳ ಪದ್ಧತಿ ನಿಮಗೆ ಬೇಗ ಅರ್ಥವಾದೀತು. ಮುದ್ರಣದ ಖರ್ಚಿಗೆ ಮುಂಗಡ ಹಣ ಅವರದು. ಮಾರಾಟವಾದ ಮೇಲೆ ಹಾಡುಗಾರನ ಪಾಲಿನಿಂದ ಅದನ್ನು ಮುರಿದುಕೊಳ್ಳುತ್ತಾರೆ. ಸಾಲ ತೀರಿದರೂ ಮುದ್ರಿಕೆ ಸಾಮಾನ್ಯವಾಗಿ ಕಂಪನಿಯ ಸೊತ್ತಾಗಿಯೇ ಉಳಿಯುತ್ತದೆ. ಬಿತ್ತನೆಗೆ ಸಾಲ ಕೊಟ್ಟ ಸಾಹುಕಾರ ಬೆಳೆಯ ಜೊತೆಗೆ ಹೊಲವನ್ನೂ ಇಟ್ಟುಕೊಂಡ ಹಾಗೆ! ಪ್ರೈನ್ ಎರಡು ಕಂಪನಿಗಳಲ್ಲಿ 1980ರವರೆಗೆ ಏಳು ರೆಕಾರ್ಡು ಮಾಡಿದ. ಹಾಡು ಬಲ್ಲವರು ಮೆಚ್ಚಿದರು. ಮಾರಾಟ ಮಾತ್ರ ದೊಡ್ಡದಾಗಲಿಲ್ಲ.

ಆಗ ಅವನು ಮಾಡಿದ ಕೆಲಸವನ್ನು ಗಮನಿಸಿ. ಮೂರನೆಯ ದೊಡ್ಡ ಕಂಪನಿಯ ಬಾಗಿಲಿಗೆ ಹೋಗಲಿಲ್ಲ. 1981ರಲ್ಲಿ ತನ್ನ ವ್ಯವಹಾರ ನೋಡುತ್ತಿದ್ದವನೊಡನೆ ಸೇರಿ 'ಓ ಬಾಯ್' ಎಂಬ ಸ್ವಂತ ಕಂಪನಿ ತೆರೆದ. ಕೈಯಲ್ಲಿ ಬಂಡವಾಳವೆಲ್ಲಿ? ಅಭಿಮಾನಿಗಳೇ ಮುಂದಿನ ರೆಕಾರ್ಡಿಗೆಂದು ಮುಂಚಿತವಾಗಿ ಹಣ ಕಳಿಸಿಕೊಟ್ಟರು. ಮುದ್ರಣದ ಖರ್ಚು ಅದರಲ್ಲೇ ನಡೆಯಿತು. ಆ ರೆಕಾರ್ಡು ಹೊರಬಿದ್ದದ್ದು 1984ರಲ್ಲಿ. ಕಾಣದ ಸರಕಿಗೆ ಹಣ ಕೊಟ್ಟು ಕಾದವರ ನಂಬಿಕೆಯನ್ನು ನಾನು ಹಾಡಿಗಿಂತ ಕಡಿಮೆ ಎಣಿಸುವುದಿಲ್ಲ. ನಂಬಿಸಿದವನು ಲೆಕ್ಕ ತಪ್ಪಲಿಲ್ಲ ಎಂಬುದೂ ಅಷ್ಟೇ ದೊಡ್ಡದು.

ಬೇಗ ಶ್ರೀಮಂತನಾದನೆಂದು ತಿಳಿಯಬೇಡಿ. ಊರೂರು ತಿರುಗಿ ಹಾಡುವ ದುಡಿಮೆ ತಪ್ಪಲಿಲ್ಲ. 1991ರಲ್ಲಿ ಸ್ವಂತ ಕಂಪನಿಯಿಂದ ತಂದ ರೆಕಾರ್ಡಿಗೆ ಗ್ರ್ಯಾಮಿ ಪ್ರಶಸ್ತಿ ಬಂದಿತು. 1998ರಲ್ಲಿ ಕತ್ತಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ ದನಿ ಒಡೆದು ತಗ್ಗಿತು. ಆ ಒರಟು ದನಿಯಲ್ಲೇ ಮತ್ತೆ ಹಾಡಿದ. ಎಪ್ಪತ್ತು ದಾಟಿದ ಮೇಲೆ, 2018ರಲ್ಲಿ ತಂದ ರೆಕಾರ್ಡು ಅಮೆರಿಕದ ಮಾರಾಟದ ಪಟ್ಟಿಯಲ್ಲಿ 5ನೆಯ ಸ್ಥಾನಕ್ಕೇರಿತು. ದೊಡ್ಡ ಕಂಪನಿಗಳ ಕಾಲದಲ್ಲಿ ಅಷ್ಟು ಎತ್ತರ ಅವನಿಗೆ ಸಿಕ್ಕಿರಲಿಲ್ಲ. ಅಷ್ಟರಲ್ಲಿ ಹೆಂಡತಿ ಮತ್ತು ಮಗ ಕೆಲಸಕ್ಕೆ ಹೆಗಲು ಕೊಟ್ಟಿದ್ದರು. 2020ರ ಏಪ್ರಿಲ್ 7ರಂದು ಕೋವಿಡ್ ಅವನನ್ನು ಕೊಂಡೊಯ್ದಿತು.

ಆ ಪ್ಯಾರಡೈಸ್ ಹಳ್ಳಿಯ ಹಾಡನ್ನು ತಂದಿದ್ದೇನೆ. ಇಂಗ್ಲಿಷಿನಲ್ಲಿದೆ, ಅರ್ಥವನ್ನು ನಡುವೆ ಬಿಡಿಸಿ ಹೇಳುತ್ತೇನೆ. ಹಿಂದೆ ಕುಳಿತವರು ದಯಮಾಡಿ ಸ್ವಲ್ಪ ಮುಂದಕ್ಕೆ ಬನ್ನಿ.