ಪರದೇಶದಲ್ಲಿ ಉದ್ಯೋಗವೂ ವಸತಿಯೂ

ಜೀವನೋಪಾಯಕ್ಕಾಗಿ ದೇಶಾಂತರ ಹೋಗುವುದು ಮನುಷ್ಯನಿಗೆ ಹೊಸದಲ್ಲ. ಆದರೆ ಹೊರಡುವ ಮುನ್ನ ನಾವು ಮಾಡುವ ಯೋಚನೆಯೆಲ್ಲವೂ ಉದ್ಯೋಗದ ಸುತ್ತಲೇ ತಿರುಗುತ್ತದೆ. ಅಲ್ಲಿ ಇಳಿದ ಮೇಲೆ ಬಾಳತಕ್ಕ ಬಗೆಯನ್ನು ವಿಚಾರಿಸುವವರು ವಿರಳ. ಈ ಹೊತ್ತು ಜರ್ಮನಿಯ ಬರ್ಲಿನ್ ನಗರವನ್ನು ನಿದರ್ಶನವಾಗಿಟ್ಟುಕೊಂಡು ಆ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಆ ನಗರವನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ನಮ್ಮಲ್ಲಿ ಓದಿದ ಹುಡುಗನೊಬ್ಬನು ಅಲ್ಲಿಗೆ ಹೋಗಬೇಕೆಂದು ಹಂಬಲಿಸಿದನು. ಅವನ ತಂದೆ ಮನೆಯಾಕೆಯ ಒಡವೆಗಳನ್ನು ಗಿರವಿಯಿಟ್ಟು, ದಲ್ಲಾಳಿಯೊಬ್ಬನಿಗೆ ಮೂರು ಲಕ್ಷ ರೂಪಾಯಿ ಕೊಟ್ಟರು. ಕೈಗೆ ಬಂದ ನೇಮಕದ ಕಾಗದವು ಸುಳ್ಳೆಂದು ತಿಳಿಯುವ ಹೊತ್ತಿಗೆ ದಲ್ಲಾಳಿ ಊರಿನಲ್ಲಿರಲಿಲ್ಲ. “ಒಡವೆ ಹೋದುದಕ್ಕೆ ನನಗೆ ದುಃಖವಿಲ್ಲ, ಮೇಷ್ಟ್ರೇ; ಹುಡುಗ ಎಲೆಯ ಮುಂದೆ ಕೂತರೆ ತಲೆ ಎತ್ತೋದಿಲ್ಲ” ಎಂದು ಆ ತಾಯಿ ನಮ್ಮಲ್ಲಿ ಹೇಳಿಕೊಂಡರು. ಅವನ ಜೊತೆಯಲ್ಲಿ ಕುಳಿತು ಆ ದೇಶದ ನಿಯಮಗಳನ್ನು ಓದುವ ಕೆಲಸ ಹೀಗೆ ನಮ್ಮ ಪಾಲಿಗೆ ಬಂದಿತು.

ಓದಿ ನೋಡಿದರೆ, ಹೆಬ್ಬಾಗಿಲು ತೆರೆದೇ ಇತ್ತು. 2024ನೆಯ ಜೂನ್ 1ರಿಂದ ಜರ್ಮನರು ‘ಚಾನ್ಸೆನ್‌ಕಾರ್ಟೆ’ ಎಂಬ ಅವಕಾಶಪತ್ರವನ್ನು ಕೊಡತೊಡಗಿದರು. ಇದನ್ನು ಪಡೆದವರು ಉದ್ಯೋಗ ದೊರೆಯುವ ಮೊದಲೇ ಅಲ್ಲಿಗೆ ಹೋಗಿ ಒಂದು ವರ್ಷದವರೆಗೆ ಅದನ್ನು ಹುಡುಕಬಹುದು. ಆ ಅವಧಿಯಲ್ಲಿ ವಾರಕ್ಕೆ 20 ಗಂಟೆ ದುಡಿಯಲೂಬಹುದು. ಪದವಿಯೋ ಕನಿಷ್ಠ ಎರಡು ವರ್ಷದ ವೃತ್ತಿಶಿಕ್ಷಣವೋ ಇರಬೇಕು; ಜರ್ಮನ್ ಭಾಷೆಯ ಮೊದಲ ಮೆಟ್ಟಿಲನ್ನಾದರೂ ಹತ್ತಿರಬೇಕು, ಇಲ್ಲವೆ ಇಂಗ್ಲಿಷಿನಲ್ಲಿ ತಕ್ಕಷ್ಟು ಪರಿಶ್ರಮವಿರಬೇಕು. ಬಳಿಕ ವಯಸ್ಸು, ಅನುಭವ, ಭಾಷೆ ಮೊದಲಾದುವುಗಳಿಗೆ ಸಲ್ಲುವ ಅಂಕಗಳಲ್ಲಿ ಆರಾದರೂ ದೊರೆಯಬೇಕು. ಜೀವನಕ್ಕೆ ಹಣವಿದೆಯೆಂದೂ ತೋರಿಸಬೇಕು. 2025ರಲ್ಲಿ ಇದು ತಿಂಗಳಿಗೆ 1,091 ಯೂರೋ ಆಗಿತ್ತು. ಅರ್ಜಿಯ ಶುಲ್ಕವಾದರೋ 75 ಯೂರೋ ಮಾತ್ರ. ಅರ್ಜಿಯನ್ನು ತಾನೇ ಬರೆದುಕೊಳ್ಳಬಹುದು. ದಲ್ಲಾಳಿಯ ಹಂಗು ಬೇಕಿಲ್ಲ. ಮೂರು ಲಕ್ಷವನ್ನು ನುಂಗಿದುದು ದಲ್ಲಾಳಿಯ ಮೋಸವಷ್ಟೇ ಅಲ್ಲ, ನಮ್ಮ ಅಜ್ಞಾನವೂ ಹೌದು.

ವರ್ಷದ ಖರ್ಚನ್ನು ಮುಂದಾಗಿ ತೋರಿಸುವ ಶಕ್ತಿ ಆ ಮನೆಯವರಿಗಿರಲಿಲ್ಲ. ಆದುದರಿಂದ ಹುಡುಗನು ಬೆಂಗಳೂರಿನಲ್ಲಿ ದುಡಿಯುತ್ತಲೇ ಸಂಜೆಯ ಹೊತ್ತು ಜರ್ಮನ್ ಕಲಿತು, ಇಲ್ಲಿಂದಲೇ ಅರ್ಜಿಗಳನ್ನು ಕಳುಹಿಸಿ, ಹೊರಡುವುದಕ್ಕೆ ಮುಂಚೆಯೇ ಉದ್ಯೋಗವನ್ನು ಸಂಪಾದಿಸಿದನು.

ನಿಜವಾದ ತೊಡಕು ಆಮೇಲೆ ಬಂದಿತು. ಬರ್ಲಿನ್ನಿನಲ್ಲಿ ಬಾಡಿಗೆಯ ಮನೆ ದುರ್ಲಭ. ಮನೆಯ ಯಜಮಾನರು ಹಿಂದಿನ ತಿಂಗಳುಗಳ ಸಂಬಳದ ಚೀಟಿಯನ್ನು ಕೇಳುತ್ತಾರೆ, ಹೊಸಬನಲ್ಲಿ ಅದೆಲ್ಲಿಯದು? ಮನೆ ಸೇರಿದ ಎರಡು ವಾರಗಳೊಳಗೆ ನಗರದ ಕಚೇರಿಯಲ್ಲಿ ವಿಳಾಸವನ್ನು ದಾಖಲು ಮಾಡಿಸಬೇಕೆಂದು ಕಾನೂನು. ಅದಕ್ಕೆ ಯಜಮಾನರು ಬರೆದುಕೊಟ್ಟ ದೃಢೀಕರಣ ಬೇಕು. ವಿಳಾಸ ದಾಖಲಾದ ಬಳಿಕ ತೆರಿಗೆಯ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಅದಿಲ್ಲದಿದ್ದರೆ ಸಂಬಳದಲ್ಲಿ ಹೆಚ್ಚು ತೆರಿಗೆ ಮುರಿದುಕೊಳ್ಳುವ ಸಂಭವವುಂಟು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯನ್ನು ಹುಡುಗನು ಪತ್ರದಲ್ಲಿ ಬರೆದಿದ್ದನು.

ಇದಕ್ಕೆ ಉಪಾಯವೆಂದರೆ, ಮೊದಲು ಕೆಲವು ತಿಂಗಳ ಮಟ್ಟಿಗೆ ಸಾಮಾನುಸಹಿತವಾದ ಕೊಠಡಿಯೊಂದನ್ನು ಹಿಡಿಯುವುದು. ಹಿಡಿಯುವ ಮುನ್ನವೇ ದೃಢೀಕರಣ ಕೊಡುವಿರಾ ಎಂದು ಕೇಳಿಕೊಳ್ಳುವುದು. ಕೊಠಡಿಯನ್ನು ನೋಡದೆ ಮುಂಗಡ ಕಳುಹಿಸಲಾಗದು. ಬಾಡಿಗೆಯಲ್ಲಿಯೂ ‘ತಣ್ಣನೆಯದು’, ‘ಬೆಚ್ಚನೆಯದು’ ಎಂದು ಎರಡು ಬಗೆ. ಮೊದಲನೆಯದು ಬರಿಯ ಮನೆಗೆ, ಎರಡನೆಯದರಲ್ಲಿ ಮನೆ ಕಾಯಿಸುವ ವೆಚ್ಚ ಮುಂತಾದುವೂ ಸೇರುತ್ತವೆ. ಮುಂಗಡವು ಮೂರು ತಿಂಗಳ ತಣ್ಣನೆಯ ಬಾಡಿಗೆಯನ್ನು ಮೀರಕೂಡದೆಂದು ಕಾನೂನುಂಟು. ನಮ್ಮ ಶ್ರೋತೃಗಳಿಗೆ ಇನ್ನೊಂದು ವಿಶೇಷ: ಮನೆಯಲ್ಲಿ ರೇಡಿಯೋ ಇರಲಿ ಬಿಡಲಿ, ಮನೆಯೊಂದಕ್ಕೆ ಬಾನುಲಿಯ ಶುಲ್ಕ ತೆರಲೇಬೇಕು, 2025ರಲ್ಲಿ ಅದು ತಿಂಗಳಿಗೆ 18.36 ಯೂರೋ.

ಹುಡುಗನಿಗೆ ಕೊನೆಗೆ ಮನೆ ದೊರೆತುದು ಹೇಗೆ? ಹಲವು ಬಾಗಿಲುಗಳನ್ನು ತಟ್ಟಿದ ಮೇಲೆ ವೃದ್ಧೆಯೊಬ್ಬರು ಅವನ ತೊದಲು ಜರ್ಮನನ್ನು ಕೇಳಿ ನಕ್ಕು, ತಪ್ಪು ತಿದ್ದಿ, ಒಳಗೆ ಕರೆದು ಕೂರಿಸಿದರಂತೆ. ಕಚೇರಿಯ ಕೆಲಸ ಇಂಗ್ಲಿಷಿನಲ್ಲಿ ಸಾಗಬಹುದು. ನೆರೆಹೊರೆಯ ವಿಶ್ವಾಸವು ಅವರ ನುಡಿಯನ್ನಾಡಿದವನಿಗೆ ಬೇಗ ಒಲಿಯುತ್ತದೆ.

ಈ ಮಾತಿಗೆ ಸಾಕ್ಷಿ ನಮ್ಮ ನಾಡಿನಲ್ಲಿಯೇ ಇದೆ. 1853ರಲ್ಲಿ ಜರ್ಮನಿಯಿಂದ ನಮ್ಮಲ್ಲಿಗೆ ಬಂದ ಫರ್ಡಿನೆಂಡ್ ಕಿಟ್ಟೆಲರು ಪಾದ್ರಿಯ ಕೆಲಸಕ್ಕೆಂದು ಬಂದವರು. ಕನ್ನಡವನ್ನು ಕಲಿಯುತ್ತ ಕಲಿಯುತ್ತ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಮಹಾನಿಘಂಟನ್ನು ನಮಗೆ ಕೊಟ್ಟರು. ಎಲ್ಲರಿಂದಲೂ ನಿಘಂಟು ಬರೆಯುವುದಾಗದು. ಆದರೆ ಇಲ್ಲಿಂದ ಹೊರಡುವ ನಮ್ಮ ಮಕ್ಕಳು ಚೀಲದಲ್ಲಿ ನೇಮಕದ ಕಾಗದವಿದೆಯೇ ಎಂದು ನೋಡಿಕೊಳ್ಳುವಂತೆಯೇ, ನಾಲಗೆಯ ಮೇಲೆ ಆ ಊರಿನ ನಾಲ್ಕು ಮಾತಿದೆಯೇ ಎಂದೂ ನೋಡಿಕೊಳ್ಳಲಿ.

ಗಿರವಿಯ ಒಡವೆಗಳನ್ನು ಬಿಡಿಸಿಕೊಂಡುದಾಯಿತೆಂದು ಆ ತಾಯಿ ಮೊನ್ನೆ ನಮಗೆ ಹೇಳಿ ಹೋದರು.