ಮೊದಲು ಬಸ್ಸು, ಆಮೇಲೆ ಬೋರ್ಡು

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಿಮ್ಮ ಸಾಧನೆಯ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಮುಖ್ಯೋಪಾಧ್ಯಾಯರು ಹೇಳಿದರು. ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ, ಅಷ್ಟೇ. ಅದರ ಬದಲು ನಾನು ಎಡವಿದ್ದನ್ನು ಹೇಳುತ್ತೇನೆ. ಇಲ್ಲಿ ಕುಳಿತಿರುವ ಮಕ್ಕಳಿಗೆ ಅದರಿಂದ ಹೆಚ್ಚು ಉಪಯೋಗ.

ಸರ್ಕಾರಿ ಶಾಲೆಗಳಲ್ಲಿ 1ನೇ ತರಗತಿಗೆ ಇಂಗ್ಲಿಷ್ ಬಂದದ್ದು 2007ರಲ್ಲಿ. ನಾವು ಅದಕ್ಕೂ ಹಿಂದಿನವರು, ಎ ಬಿ ಸಿ ಡಿ ಕಲಿತದ್ದೇ 5ನೇ ತರಗತಿಯಲ್ಲಿ. ಎಸ್ಸೆಸ್ಸೆಲ್ಸಿವರೆಗೆ ಗಣಿತ, ವಿಜ್ಞಾನ ಎಲ್ಲ ಕನ್ನಡದಲ್ಲಿ. ಪಿಯುಸಿಗೆ ಸೇರಿದ ಮೊದಲ ದಿನವೇ ಎಲ್ಲ ಇಂಗ್ಲಿಷ್. ಉರುಹೊಡೆದು ಹೇಗೋ ದಾಟಿದೆ. ಬಿ.ಇ. ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯ ಕೈಕೊಟ್ಟವು. ಲೆಕ್ಕ ಬರುತ್ತಿತ್ತು, ಆದರೆ ಪ್ರಶ್ನೆ ಓದಿ ಅರ್ಥ ಮಾಡಿಕೊಳ್ಳುವುದರಲ್ಲೇ ಹೊತ್ತು ಮುಗಿದಿತ್ತು. ಅಪ್ಪನಿಗೆ ಫೋನ್ ಮಾಡಿ, ಕಾಲೇಜು ಬಿಡ್ತೀನಿ ಅಂದೆ. "ರಾಗಿ ಒಕ್ಕಣೆ ಮುಗೀಲಿ, ಬಂದು ಮಾತಾಡ್ತೀನಿ. ಅಲ್ಲೀತನಕ ಇರಪ್ಪ" ಅಂದರು.

ತೊಂದರೆ ಇದ್ದದ್ದು ನಾನು ಓದುತ್ತಿದ್ದ ರೀತಿಯಲ್ಲಿ. ಮಧುಗಿರಿ ಬಸ್ ನಿಲ್ದಾಣದಲ್ಲಿ ನಿಂತು ನಾವು ‘ಪಾವಗಡಕ್ಕೆ ಹೋಗುವ ಬಸ್ಸು’ ಅನ್ನುತ್ತೇವೆ. ‘ಹೋಗುವ’ ಎಂಬುದು ಕೃದಂತ ಎಂದು ಇದೇ ಶಾಲೆಯಲ್ಲಿ ಕಲಿತಿದ್ದೇವೆ. ಇಂಗ್ಲಿಷಿನವರು ‘ದ ಬಸ್ ದಟ್ ಗೋಸ್ ಟು ಪಾವಗಡ’ ಅನ್ನುತ್ತಾರೆ. ನಮ್ಮಲ್ಲಿ ಮೊದಲು ಬೋರ್ಡು, ಆಮೇಲೆ ಬಸ್ಸು. ಅವರಲ್ಲಿ ಮೊದಲು ಬಸ್ಸು, ಆಮೇಲೆ ಬೋರ್ಡು. ಕನ್ನಡಕ್ಕೆ ತಿರುಗಿಸಲು ಹೊರಟರೆ ವಾಕ್ಯದ ಕೊನೆಗೆ ಓಡಿ, ಪಾವಗಡವನ್ನು ಎತ್ತಿಕೊಂಡು, ಬಸ್ಸು ಇರುವಲ್ಲಿಗೆ ವಾಪಸ್ ಬರಬೇಕು. ನಾಲ್ಕು ಪದದ ವಾಕ್ಯವಾದರೆ ಸರಿ. ಮೂರು ಸಾಲಿನ ಪ್ರಶ್ನೆಯಾದರೆ ವಾಪಸ್ ಬರುವಷ್ಟರಲ್ಲಿ ಬಸ್ಸೇ ಮರೆತಿರುತ್ತದೆ.

ಇನ್ನೊಂದು ತೊಡಕು, ‘ಹೂ ಅಂದರೆ ಯಾರು, ವಿಚ್ ಅಂದರೆ ಯಾವುದು’ ಎಂದು ಬಾಯಿಪಾಠ ಮಾಡಿದ್ದೆ. ವಾಕ್ಯದ ನಡುವೆ ‘ಹೂ’ ಬಂದರೆ ಯಾರನ್ನು ಕೇಳುತ್ತಿದ್ದಾರೆ ಎಂದು ಹುಡುಕುತ್ತಿದ್ದೆ. ಹಾಸ್ಟೆಲಿನಲ್ಲಿ ಸಿರಾ ಕಡೆಯ, ಮನೆಯಲ್ಲಿ ಉರ್ದು ಮಾತಾಡುವ ಗೆಳೆಯನಿದ್ದ. ಅವನ ಭಾಷೆಯಲ್ಲಿ ಪ್ರಶ್ನೆಗೆ ‘ಕೌನ್’, ವಾಕ್ಯ ಜೋಡಿಸಲು ‘ಜೋ’. ಎರಡೂ ಬೇರೆ ಬೇರೆ. ಇಂಗ್ಲಿಷಿನ ‘ಹೂ’ ಎರಡು ಕೆಲಸವನ್ನೂ ಮಾಡುತ್ತದೆ ಎಂದು ಹೇಳಿಕೊಟ್ಟವನು ಅವನೇ. ಪಾವಗಡದ ತೆಲುಗು ಮನೆಮಾತಿನ ಗೆಳೆಯನಿಗೂ ನನ್ನದೇ ಪಾಡು. ‘ಬಂದ ಹುಡುಗ’ನಿಗೆ ಅವರಲ್ಲಿ ‘ವಚ್ಚಿನ ಅಬ್ಬಾಯಿ’. ನಮ್ಮದೇ ಸಾಲು, ನಮ್ಮದೇ ಕಷ್ಟ.

ದಾರಿ ಸಿಕ್ಕಿದ್ದು ಕಂಪ್ಯೂಟರ್ ಲ್ಯಾಬಿನಲ್ಲಿ. ಪ್ರೋಗ್ರಾಂ ತಪ್ಪಾದಾಗಲೆಲ್ಲ ಒಂದು ಸಾಲು ಬರುತ್ತಿತ್ತು: ‘ದ ಫೈಲ್ ದಟ್ ಯು ಆರ್ ಟ್ರೈಯಿಂಗ್ ಟು ಓಪನ್ ಡಸ್ ನಾಟ್ ಎಕ್ಸಿಸ್ಟ್’. ದಿನಕ್ಕೆ ಹತ್ತಾರು ಸಲ ಅದೇ ಸಾಲು. ಒಂದು ದಿನ ಅದನ್ನು ಓದಿದವನೇ ಫೈಲಿನ ಹೆಸರು ತಿದ್ದಿದೆ. ಆಮೇಲೆ ಹೊಳೆಯಿತು, ನಾನು ಅದನ್ನು ಕನ್ನಡಕ್ಕೆ ತಿರುಗಿಸಿರಲೇ ಇಲ್ಲ! ಫೈಲು. ಯಾವ ಫೈಲು? ನೀನು ತೆರೆಯಲು ಹೊರಟದ್ದು. ಅದಕ್ಕೇನಾಯಿತು? ಅದು ಇಲ್ಲ. ಹಿಂದಕ್ಕೆ ಹೋಗದೆ ಮುಂದಕ್ಕೇ ನಡೆದಿದ್ದೆ. ಅಪ್ಪ ಒಕ್ಕಣೆ ಮುಗಿಸಿ ಬಂದಾಗ ಕಾಲೇಜು ಬಿಡುವ ಮಾತನ್ನು ನಾನೇ ಎತ್ತಲಿಲ್ಲ.

ಮಕ್ಕಳೇ, ಓದುವಾಗ ಹೀಗೆ ಮಾಡಿ. ಹೆಸರು ಬಂದ ಕೂಡಲೇ ಅದನ್ನು ಹಿಡಿದುಕೊಳ್ಳಿ. ‘ಹೂ’, ‘ವಿಚ್’, ‘ದಟ್’ ಬಂದಾಗ ಮನಸ್ಸಿನಲ್ಲೇ ‘ಯಾವ?’ ಎಂದು ಕೇಳಿ, ಉತ್ತರ ಮುಂದೆಯೇ ಇರುತ್ತದೆ. ಆಮೇಲೆ ‘ಏನಾಯಿತು?’ ಎಂದು ಕೇಳಿ. ‘ದ ಡಾಗ್ ದಟ್ ಬಿಟ್ ದ ಕ್ಯಾಟ್ ರಾನ್ ಅವೇ’. ಓಡಿಹೋದದ್ದು ಯಾವುದು? ಪಕ್ಕದಲ್ಲಿದೆ ಎಂದು ಬೆಕ್ಕು ಅನ್ನಬೇಡಿ. ನಾಯಿಯನ್ನು ಕೈಬಿಡದೆ ಹಿಡಿದಿದ್ದರೆ ಉತ್ತರ ತಾನಾಗಿ ಬರುತ್ತದೆ.

ಗುರುಗಳಲ್ಲಿ ಒಂದು ವಿನಂತಿ. ‘ಟೀಚರನ್ನು ನೋಡಿದ ಹುಡುಗ’, ‘ಟೀಚರ್ ನೋಡಿದ ಹುಡುಗ’ ಎಂಬಲ್ಲಿ ನೋಡಿದ್ದು ಯಾರು ಎಂದು ಕನ್ನಡದಲ್ಲಿ ‘ಅನ್ನು’ ಪ್ರತ್ಯಯ ಹೇಳಿಬಿಡುತ್ತದೆ. ಇಂಗ್ಲಿಷಿನಲ್ಲಿ ‘ದ ಬಾಯ್ ದಟ್ ಸಾ ದ ಟೀಚರ್’, ‘ದ ಬಾಯ್ ದಟ್ ದ ಟೀಚರ್ ಸಾ’. ಪದಗಳು ಅವೇ, ಸಾಲು ಮಾತ್ರ ಬೇರೆ. ಅಲ್ಲಿ ಸಾಲೇ ಅರ್ಥ. ಕೊನೆಯಿಂದ ಓದುವ ಮಗು ಆ ಅರ್ಥವನ್ನೇ ಕಳೆದುಕೊಳ್ಳುತ್ತದೆ. ಆದ್ದರಿಂದ ಪ್ರತಿ ವಾಕ್ಯಕ್ಕೂ ಕನ್ನಡ ಬರೆಸುವ ಬದಲು ಕೆಲವಕ್ಕೆ ಚಿತ್ರ ಬರೆಸಿ, ಬೆರಳಿಟ್ಟು ತೋರಿಸಲು ಹೇಳಿ. ಸುಲಭದ ವಾಕ್ಯಗಳನ್ನು ಹೆಚ್ಚೆಚ್ಚು, ಗಟ್ಟಿಯಾಗಿ ಓದಿಸಿ.

ಕನ್ನಡ ಬೇಡ ಎಂದು ನಾನು ಹೇಳುತ್ತಿಲ್ಲ. ವಿಜ್ಞಾನ ನನ್ನ ತಲೆಗೆ ಹತ್ತಿದ್ದೇ ಕನ್ನಡದಲ್ಲಿ, ಇದೇ ಕೊಠಡಿಗಳಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೇ ಸೋತೆ ಎಂದು ಅಂದು ಅನ್ನಿಸಿತ್ತು. ಅದು ತಪ್ಪು. ಆದರೆ ಹಾಗೆಂದುಕೊಂಡೇ ಓದು ಬಿಟ್ಟ ಗೆಳೆಯರು ನನಗಿದ್ದಾರೆ. ನನಗಿಂತ ಬುದ್ಧಿವಂತರು. ಇನ್ನು ಮುಂದೆ ಈ ಶಾಲೆಯ ಯಾವ ಮಗುವೂ ಹಾಗೆ ಬಿಡಬಾರದು.

ಗುರುಗಳು ಒಪ್ಪಿದರೆ ತಿಂಗಳಿಗೊಂದು ಶನಿವಾರ, ಬೆಳಗಿನ ತರಗತಿ ಮುಗಿದ ಮೇಲೆ, ಹತ್ತನೆಯ ತರಗತಿಯ ಮಕ್ಕಳ ಜೊತೆ ಕುಳಿತು ಓದುತ್ತೇನೆ.