ನೋಡುವ ಮಕ್ಕಳು, ಕಟ್ಟುವ ಮಕ್ಕಳು

(ಟ್ರಸ್ಟ್‌ನ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರ ಪರವಾಗಿ ಮಾಡಿದ ಭಾಷಣ)



ಕಳೆದ ವರ್ಷ ಇದೇ ಸಭೆ ಮುಗಿದ ಮೇಲೆ ತಾಯಿಯೊಬ್ಬರು ನಮ್ಮನ್ನು ನಿಲ್ಲಿಸಿ ಕೇಳಿದ್ದರು: "ಸರ್, ಮನೆಯಲ್ಲಿ ಮಕ್ಕಳ ಕೈಯಿಂದ ಮೊಬೈಲ್ ಬಿಡಿಸುವುದೇ ನಮಗೆ ಕಷ್ಟ. ನೀವು ಶಾಲೆಯಲ್ಲೂ ಅದನ್ನೇ ಕೊಡುವುದಾ?" ಅಂದು ನಮ್ಮ ಬಳಿ ಸರಿಯಾದ ಉತ್ತರ ಇರಲಿಲ್ಲ. ಟ್ರಸ್ಟ್ ಕೊಟ್ಟ ಒಂದು ಲ್ಯಾಪ್‌ಟಾಪ್ ಮತ್ತು ಒಂದು ಪ್ರೊಜೆಕ್ಟರ್ ಇಟ್ಟುಕೊಂಡು ವರ್ಷವಿಡೀ ಪಾಠ ಮಾಡಿದ ಮೇಲೆ ಆ ತಾಯಿಗೆ ಉತ್ತರ ಕೊಡಲು ಇಂದು ನಿಂತಿದ್ದೇವೆ.

ನಾವು ಬಳಸಿದ್ದೆಲ್ಲವೂ ಹಣ ಕೊಡದೆ ಸಿಗುವ ಸಾಧನಗಳು. ಮೊದಲನೆಯದು ಸ್ಟೋರಿವೀವರ್. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಇದನ್ನು ಆರಂಭಿಸಿತು. ಕನ್ನಡ, ಉರ್ದು ಸೇರಿದಂತೆ ಅನೇಕ ಭಾಷೆಗಳ ಮಕ್ಕಳ ಪುಸ್ತಕಗಳು ಇದರಲ್ಲಿವೆ. ಓದುವುದಷ್ಟೇ ಅಲ್ಲ, ಅಲ್ಲಿರುವ ಚಿತ್ರಗಳನ್ನು ಆರಿಸಿಕೊಂಡು ನಮ್ಮದೇ ಕಥೆ ಬರೆಯಬಹುದು, ಒಂದು ಭಾಷೆಯ ಕಥೆಯನ್ನು ಇನ್ನೊಂದಕ್ಕೆ ತರಬಹುದು. ಎರಡನೆಯದು ಸ್ಕ್ರ್ಯಾಚ್. ಅಮೆರಿಕದ ಎಂಐಟಿಯಲ್ಲಿ ರೂಪುಗೊಂಡು 2007ರಲ್ಲಿ ಬಳಕೆಗೆ ಬಂದದ್ದು. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿದರೆ ಪರದೆಯ ಮೇಲಿನ ಚಿತ್ರ ನಡೆಯುತ್ತದೆ, ಮಾತಾಡುತ್ತದೆ. ಒಮ್ಮೆ ಕಂಪ್ಯೂಟರಿಗೆ ಹಾಕಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ. ಮೂರನೆಯದು ಟಕ್ಸ್ ಪೇಂಟ್ ಎಂಬ ಚಿತ್ರ ಬಿಡಿಸುವ ತಂತ್ರಾಂಶ. ಅದಕ್ಕೂ ನೆಟ್ ಬೇಡ. ಮಳೆಗಾಲದಲ್ಲಿ ನೆಟ್‌ವರ್ಕ್ ಕೈಕೊಡುವ ನಮ್ಮಂಥ ಊರಿನ ಶಾಲೆಗೆ ಇದು ಸಣ್ಣ ಅನುಕೂಲವಲ್ಲ.

ಆರಂಭದಲ್ಲಿ ನಾವು ಸೋತೆವು ಎಂಬುದನ್ನು ಮರೆಮಾಚುವುದಿಲ್ಲ. ನಲವತ್ತು ನಿಮಿಷದ ಪೀರಿಯಡ್ ಪಾಸ್‌ವರ್ಡ್ ಹಾಕುವುದರಲ್ಲೇ ಮುಗಿಯುತ್ತಿತ್ತು. ಒಂದು ಮಗು ಮೌಸ್ ಹಿಡಿದರೆ ಉಳಿದವರು ಸುಮ್ಮನೆ ನೋಡುತ್ತಿದ್ದರು. ಮನೆಯಲ್ಲಿ ಮೊಬೈಲ್ ನೋಡುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ನಮಗೇ ಅನಿಸಿತು. ಆಮೇಲೆ ಕ್ರಮ ಬದಲಿಸಿದೆವು. ಮೊದಲು ಕಾಗದ, ಕೊನೆಗೆ ಯಂತ್ರ. ಮಕ್ಕಳು ನಾಲ್ಕೈದು ಮಂದಿಯ ಗುಂಪಿನಲ್ಲಿ ಕೂತು ಕಾಗದದ ಮೇಲೆ ನಾಲ್ಕು ಚೌಕ ಹಾಕಿ, ಕಥೆಯನ್ನು ಚಿತ್ರದಲ್ಲಿ ಬಿಡಿಸಬೇಕು. ನಲಿ-ಕಲಿಯಲ್ಲಿ ಗುಂಪಾಗಿ ಕಲಿತು ಬಂದ ಮಕ್ಕಳಿಗೆ ಇದು ಹೊಸತಲ್ಲ. ಲ್ಯಾಪ್‌ಟಾಪ್ ತೆರೆಯುವುದು ಕೊನೆಯ ಹದಿನೈದು ನಿಮಿಷ ಮಾತ್ರ.

ನಾಲ್ಕನೇ ತರಗತಿಯಲ್ಲಿ ಒಬ್ಬಳು ಹುಡುಗಿ. ಮನೆಮಾತು ಬ್ಯಾರಿ. ತರಗತಿಯಲ್ಲಿ ಬಾಯಿಯೇ ಬಿಡುತ್ತಿರಲಿಲ್ಲ. ಕಲಿಕೆಯಲ್ಲಿ ಹಿಂದೆ ಎಂದು ನಾವೇ ತೀರ್ಮಾನಿಸಿದ್ದೆವು. ಒಂದು ದಿನ ಮಳೆಯ ಚಿತ್ರವೊಂದನ್ನು ಗೋಡೆಯ ಮೇಲೆ ತೋರಿಸಿ, "ಇದಕ್ಕೆ ಕಥೆ ಹೇಳಿ, ಯಾವ ಭಾಷೆಯಾದರೂ ಆಗಬಹುದು" ಎಂದೆವು. ಅವಳು ತನ್ನ ಅಜ್ಜಿ ಹೇಳುತ್ತಿದ್ದ ಕಥೆಯನ್ನು ಬ್ಯಾರಿಯಲ್ಲಿ ಶುರು ಮಾಡಿದಳು. ಗೆಳತಿಯರು ಕನ್ನಡಕ್ಕೆ ತಂದರು. ಒಂದು ವಾಕ್ಯ ಬರೆದಾಗ ಅವಳು ತಡೆದಳು: "ಅಜ್ಜಿ ಹಾಗೆ ಹೇಳುವುದಿಲ್ಲ." ತಾನೇ ಎದ್ದು ಬಂದು ಕನ್ನಡದಲ್ಲಿ ತಿದ್ದಿದಳು. ಅವಳಿಗೆ ಕನ್ನಡ ಗೊತ್ತಿತ್ತು. ಹೇಳಬೇಕೆನಿಸುವ ವಿಷಯವನ್ನು ನಾವು ಕೇಳಿರಲಿಲ್ಲ, ಅಷ್ಟೆ.

ಐದನೇ ತರಗತಿಯವರು ಸ್ಕ್ರ್ಯಾಚ್‌ನಲ್ಲಿ ಜಲಚಕ್ರ ಮಾಡಿದರು. ಮೊದಲ ಸಲ ನೀರಿನ ಹನಿ ಮೇಲೆ ಹೋಯಿತು, ಕೆಳಗೆ ಬರಲೇ ಇಲ್ಲ. ಎಲ್ಲಿ ತಪ್ಪಿತು ಎಂದು ಮಕ್ಕಳೇ ಹುಡುಕಿದರು. ಇಳಿಯುವ ಆಜ್ಞೆಯನ್ನು ಯಾರೂ ಕೊಟ್ಟಿರಲಿಲ್ಲ. ಆಗ ಒಬ್ಬ ಹುಡುಗ ಕೇಳಿದ: "ಹಾಗಾದರೆ ನಿಜವಾದ ಮೋಡದಿಂದ ಹನಿ ಇಳಿಯುವುದು ಯಾಕೆ?" ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಕಲಿಸಿದ ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಯಾರೂ ನಮಗೆ ಕೇಳಿರಲಿಲ್ಲ.

ಉಚಿತ ಎಂದ ಮಾತ್ರಕ್ಕೆ ಬೆಲೆ ಇಲ್ಲವೆಂದಲ್ಲ. ಇದನ್ನು ನಾವು ತಪ್ಪು ಮಾಡಿಯೇ ಕಲಿತೆವು. ಒಂದು ಮಗುವಿನ ಪೂರ್ಣ ಹೆಸರು, ಫೋಟೊ ಹಾಕಿ ಖಾತೆ ತೆರೆದಿದ್ದೆವು. ಆ ಮಗುವಿನ ತಂದೆ ಬಂದು ಶಾಂತವಾಗಿಯೇ, "ನಮ್ಮನ್ನು ಒಂದು ಮಾತು ಕೇಳಬಹುದಿತ್ತಲ್ಲ" ಎಂದರು. ಅವರು ಹೇಳಿದ್ದು ಸರಿ. ನಮ್ಮ ದೇಶದಲ್ಲಿ 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೂಡ 18 ವರ್ಷದೊಳಗಿನವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಆ ಖಾತೆಯನ್ನು ಅಂದೇ ಅಳಿಸಿದೆವು. ಈಗ ಶಿಕ್ಷಕರ ಹೆಸರಿನ ಒಂದೇ ಖಾತೆ ಇದೆ. ಮಕ್ಕಳ ಹೆಸರಿಲ್ಲ, ಫೋಟೊ ಇಲ್ಲ. ಸ್ಟೋರಿವೀವರ್‌ನಲ್ಲಿ ಪ್ರಕಟಿಸಿದ ಕಥೆಯನ್ನು ಯಾರು ಬೇಕಾದರೂ, ಬರೆದವರನ್ನು ಸ್ಮರಿಸಿ, ಬಳಸಬಹುದು, ಬದಲಿಸಬಹುದು. ಆದ್ದರಿಂದ ಮಗುವನ್ನೂ ಮನೆಯವರನ್ನೂ ಕೇಳದೆ ಏನನ್ನೂ ಪ್ರಕಟಿಸುವುದಿಲ್ಲ. ಇಂದು ಉಚಿತವಾಗಿರುವುದು ನಾಳೆ ಹಾಗೆಯೇ ಇರುತ್ತದೆ ಎನ್ನುವಂತಿಲ್ಲ. ಹಾಗಾಗಿ ಮಕ್ಕಳ ಕೆಲಸವನ್ನೆಲ್ಲ ಪೆನ್‌ಡ್ರೈವ್‌ನಲ್ಲೂ ಇಟ್ಟಿದ್ದೇವೆ.

ಆ ತಾಯಿಗೆ ನಮ್ಮ ಉತ್ತರ ಇಷ್ಟೇ. ಮಗುವಿನ ಕೈಯಲ್ಲಿ ಮೊಬೈಲ್ ಎಷ್ಟು ಹೊತ್ತು ಇತ್ತು ಎಂಬುದನ್ನು ಖಂಡಿತ ಗಮನಿಸಿ. ಅದರ ಜೊತೆಗೆ, "ಇವತ್ತು ಅದರಲ್ಲಿ ಏನು ಮಾಡಿದೆ, ತೋರಿಸು" ಎಂದೂ ಕೇಳಿ. ತೋರಿಸಲು ಏನೂ ಇಲ್ಲದಿದ್ದರೆ ಮೊಬೈಲ್ ತೆಗೆದಿಡಿ. ಶಾಲೆಯಲ್ಲಿ ನಾವೂ ಅದನ್ನೇ ಮಾಡುತ್ತೇವೆ.

ದಾನಿಗಳಲ್ಲಿ ಒಂದು ವಿನಂತಿ. ದುಬಾರಿ ತಂತ್ರಾಂಶ ನಮಗೆ ಬೇಡ. ನಿಮ್ಮ ಮನೆಯಲ್ಲಿ, ಅಂಗಡಿಯಲ್ಲಿ ಮೂಲೆ ಸೇರಿರುವ, ಆದರೆ ಕೆಲಸ ಮಾಡುವ ಹಳೆಯ ಲ್ಯಾಪ್‌ಟಾಪ್ ಕೊಡಿ. ಇಂದು ವಿದ್ಯಾರ್ಥಿವೇತನ ಪಡೆಯುತ್ತಿರುವ ಕಾಲೇಜು ಮಕ್ಕಳೇ, ತಿಂಗಳಿಗೆ ಒಂದು ಶನಿವಾರ ನಮ್ಮ ಶಾಲೆಗೆ ಬನ್ನಿ. ನೀವು ಕುಳಿತ ಬೆಂಚಿನಲ್ಲೇ ಈಗ ನಿಮ್ಮ ತಮ್ಮ ತಂಗಿಯರು ಕುಳಿತಿದ್ದಾರೆ. ಯಂತ್ರ ಒಂದೇ ಇದ್ದರೂ ಸಾಕು, ಪಕ್ಕದಲ್ಲಿ ಕೂರುವವರು ಬೇಕು.

ಆ ಹುಡುಗಿಯ ಕಥೆಯನ್ನು ಮುದ್ರಿಸಿ ತರಗತಿಯ ಗೋಡೆಗೆ ಅಂಟಿಸಿದ್ದೇವೆ. ಪೋಷಕರ ಸಭೆಗೆ ಅವಳ ಅಜ್ಜಿ ಬಂದಿದ್ದರು. ಅವರಿಗೆ ಕನ್ನಡ ಓದಲು ಬಾರದು. ಮೊಮ್ಮಗಳು ಎಲ್ಲರ ಮುಂದೆ ನಿಂತು, ಗಟ್ಟಿಯಾಗಿ, ಕೊನೆಯ ಸಾಲಿನವರೆಗೂ ಓದಿ ಹೇಳಿದಳು.